ಅಂಗಳದ ಹುಲ್ಲು ಸೊರಗುವುದೇಕೆ?

ಕಾರ್ಕಳ ತಾಲೂಕಿನ ಅಜೆಕಾರು ಸಹ್ಯಾದ್ರಿಯ ಪಶ್ಚಿಮದ ತಪ್ಪಲಿನಲ್ಲಿರುವ ಊರು. ಜೂನ್ ತಿಂಗಳ ಮೊದಲಲ್ಲಿ ಕಡಲಿನಿಂದ ಏರಿಬರುವ ಮೋಡಗಳು ಘಟ್ಟದ ಗೋಡೆಗೆ ತಾಗಿ ಇಲ್ಲಿ ಸುರಿಯತೊಡಗಿದುವೆಂದರೆ ಸೆಪ್ಟೆಂಬರಿನ ವರೆಗೆ ಬಿಡುವು ದೊರೆಯುವುದು ಅಪರೂಪ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 4000 ಮಿಲಿಮೀಟರಿಗೂ ಅಧಿಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರಿಗೆ ಸಮ. ಈ ಲೆಕ್ಕದಂತೆ 100 ಚದರ ಮೀಟರಿನ ಸಾಮಾನ್ಯ ಅಂಗಳವೊಂದರ ಮೇಲೆ ವರ್ಷವೊಂದರಲ್ಲಿ ಬೀಳುವ ನೀರು ನಾಲ್ಕು ಲಕ್ಷ ಲೀಟರಿಗೂ ಮಿಕ್ಕುತ್ತದೆ.

ಹೀಗಿದ್ದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದೇ ಸೀಮೆಯ ಅನೇಕ ಬಾವಿಗಳು ತಳ ಕಾಣುವುದುಂಟು. ಆಗ ಒಂದೊಂದು ಕೊಡ ನೀರಿಗೂ ಬೆಲೆ ಬರುತ್ತದೆ. ಹಿಂದಿನ ಕಾಲದಲ್ಲಿ ಇದು ಅಂಗಳಕ್ಕೆ ಸಂಬಂಧಿಸಿದ ಮಾತಾಗಿರಲಿಲ್ಲ; ಮನೆಯ ಮುಂದಿನ ನೆಲ ಭತ್ತವನ್ನೋ ಅಡಕೆಯನ್ನೋ ಒಣಗಿಸುವುದಕ್ಕೆಂದು ಸೆಗಣಿ ಸಾರಿಸಿದ ಗಟ್ಟಿ ನೆಲವಾಗಿತ್ತು. ಈಚಿನ ದಶಕಗಳಲ್ಲಿ ಮುಂಬಯಿಯಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ದುಡಿದು ಬಂದವರು ಕಟ್ಟಿಸಿದ ಮನೆಗಳ ಮುಂದೆ ಹಸುರು ಹುಲ್ಲುಹಾಸು ಕಾಣಿಸಿಕೊಂಡಿದೆ. ಕಣ್ಣಿಗೆ ತಂಪಾದ ಈ ಹಾಸು ಮೊದಲ ಎರಡು ಮೂರು ವರ್ಷ ಸೊಗಸಾಗಿ ಬೆಳೆಯುತ್ತದೆ. ಅನಂತರ ಏನೋ ಆಗುತ್ತದೆ. ಮಳೆಗಾಲದಲ್ಲಿ ಅದರ ನಡುನಡುವೆ ಹಾವಸೆ ಹಬ್ಬುತ್ತದೆ. ಬೇಸಗೆಯಲ್ಲಿ ಅಲ್ಲಲ್ಲಿ ಹಳದಿಯ ತೇಪೆಗಳು ಮೂಡುತ್ತವೆ. ಮನೆಯವರು ನೀರನ್ನು ಹೆಚ್ಚಿಸುತ್ತಾರೆ. ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರುಣಿಸಿದರೂ 100 ಚದರ ಮೀಟರಿಗೆ 500 ಲೀಟರ್ ಬೇಕು. ಅಷ್ಟು ಕೊಟ್ಟರೂ ಹುಲ್ಲು ಚೇತರಿಸದಿದ್ದಾಗ ಯೂರಿಯ ಎರಚುತ್ತಾರೆ. ನಾಲ್ಕು ದಿನ ಹಸುರು ಮೂಡಿದಂತಾಗಿ ಮತ್ತೆ ಹಿಂದಿನ ಸ್ಥಿತಿಯೇ ಮರಳುತ್ತದೆ.

ನೀರೂ ಇದೆ, ಗೊಬ್ಬರವೂ ಇದೆ, ಬಿಸಿಲಿಗಂತೂ ಕೊರತೆಯಿಲ್ಲ. ಹುಲ್ಲು ಸೊರಗುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಲ್ಲಿನ ಮೇಲೆ ಹುಡುಕದೆ ಅದರ ಬುಡದಲ್ಲಿ ಹುಡುಕಬೇಕು.

ಹುಲ್ಲು ಕಟ್ಟಿಕೊಂಡ ಮಾಡು

ಅಂಥ ಹುಲ್ಲುಹಾಸೊಂದರ ಅಂಚಿನಲ್ಲಿ ಕುಳಿತು, ಹರಿತವಾದ ಚಾಕುವಿನಿಂದ ಬೆಣೆಯ ಆಕಾರದ ಒಂದು ತುಂಡನ್ನು ಮಣ್ಣಿನ ಸಹಿತ ಕತ್ತರಿಸಿ ತೆಗೆಯೋಣ. ಅದರ ಪಾರ್ಶ್ವವನ್ನು ನೋಡಿದರೆ ಮೂರು ಪದರಗಳು ಸ್ಪಷ್ಟವಾಗಿ ತೋರುತ್ತವೆ. ಮೇಲಿನದು ಹಸುರು ಎಲೆಗಳ ಪದರ. ಕೆಳಗಿನದು ಕೆಂಪು ಮಣ್ಣು. ಇವೆರಡರ ನಡುವೆ ಕಂದುಬಣ್ಣದ, ಒತ್ತಿದರೆ ಮೆತ್ತೆಯಂತೆ ಕುಗ್ಗಿ ಮತ್ತೆ ಏಳುವ, ನಾರುನಾರಾದ ಪದರವೊಂದಿದೆ. ಸತ್ತ ಮತ್ತು ಸಾಯುತ್ತಿರುವ ಕಾಂಡಗಳು, ಬಳ್ಳಿಗಳು, ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಆದ ಪದರ ಇದು. ಇದನ್ನು ಇಂಗ್ಲಿಷ್ ಬಲ್ಲವರು ಥ್ಯಾಚ್ ಎಂದು ಕರೆಯುತ್ತಾರೆ. ಹುಲ್ಲು ಹೊದಿಸಿದ ಮಾಡು ಎಂದು ಆ ಪದದ ಅರ್ಥ.

ಈ ಹೆಸರು ಎಷ್ಟು ಉಚಿತವೆಂಬುದನ್ನು ನಮ್ಮ ಕರಾವಳಿಯ ಹಿರಿಯರು ಸುಲಭವಾಗಿ ಒಪ್ಪುವರು. ಇಂದು ಮುಳಿಹುಲ್ಲಿನ ಮನೆಗಳು ವಿರಳವಾಗಿವೆ. ಆದರೆ ಮಳೆಗಾಲ ಮುಗಿದ ಬಳಿಕ ಗುಡ್ಡದಿಂದ ಮುಳಿಯನ್ನು ಕೊಯ್ದು ತಂದು ಮಾಡಿಗೆ ಹೊದಿಸುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಬಿಡಿಯಾಗಿ ನೋಡಿದರೆ ಮುಳಿಯ ಒಂದೊಂದು ಎಸಳೂ ಕ್ಷುಲ್ಲಕ. ಒತ್ತಾಗಿ ಜೋಡಿಸಿದಾಗ ಅದು ಘಟ್ಟದ ಬುಡದ ಮಳೆಯನ್ನೂ ಒಳಗೆ ಬಿಡದೆ ಹರಿಸಿಬಿಡುತ್ತಿತ್ತು. ಹುಲ್ಲುಹಾಸಿನೊಳಗೆ ನಡೆಯುವುದೂ ಇದೇ. ಹುಲ್ಲು ತನ್ನ ಬೇರಿನ ಮೇಲೆ ತಾನೇ ಮಾಡು ಕಟ್ಟಿಕೊಳ್ಳುತ್ತದೆ. ಮೇಲಿನಿಂದ ನಾವು ಸುರಿದ ನೀರು ಮಣ್ಣಿಗೆ ಇಳಿಯುವುದಿಲ್ಲ.

ಈ ಪದರ ಸಂಪೂರ್ಣ ಕೆಟ್ಟದ್ದೆಂದು ತಿಳಿಯಬಾರದು. ಒಂದು ಸೆಂಟಿಮೀಟರಿನ ಒಳಗಿದ್ದರೆ ಅದು ನೆಲದ ತೇವ ಆರದಂತೆ ತಡೆಯುತ್ತದೆ. ತುಳಿತದ ಪೆಟ್ಟನ್ನು ತಾನು ಹೀರಿಕೊಂಡು ಹುಲ್ಲಿನ ಬುಡವನ್ನು ಕಾಯುತ್ತದೆ. ಸುಮಾರು ಒಂದೂಕಾಲು ಸೆಂಟಿಮೀಟರನ್ನು ಮೀರಿದಾಗ ಉಪಕಾರ ಮುಗಿದು ಅಪಕಾರ ಆರಂಭವಾಗುತ್ತದೆ. ಪೂರ್ತಿ ಒಣಗಿದ ಥ್ಯಾಚ್ ನೀರನ್ನು ಹತ್ತಿರ ಸೇರಿಸದು. ಪೂರ್ತಿ ನೆನೆದುದಾದರೆ ನೀರನ್ನು ಸ್ಪಂಜಿನಂತೆ ತನ್ನಲ್ಲಿಯೇ ಹಿಡಿದುಕೊಂಡು ಕೆಳಗಿನ ಮಣ್ಣಿಗೆ ಗಾಳಿಯಾಡದಂತೆ ಮಾಡುತ್ತದೆ. ಹೊಸ ಬೇರುಗಳು ಮಣ್ಣಿಗಿಳಿಯುವ ಬದಲು ಈ ಪದರದಲ್ಲಿಯೇ ಹರಡಿಕೊಳ್ಳುತ್ತವೆ. ಮಳೆ ನಿಂತು ಪದರ ಒಣಗಿದೊಡನೆ ಆ ಬೇರುಗಳೂ ಒಣಗುತ್ತವೆ. ಮಳೆಗಾಲದಲ್ಲಿ ಹಾವಸೆಗೂ ಶಿಲೀಂಧ್ರ ರೋಗಗಳಿಗೂ ಇದೇ ಆಶ್ರಯ. ಮಳೆಯಲ್ಲಿ ಕೊಳೆ, ಬಿಸಿಲಿನಲ್ಲಿ ಬರ, ಇವೆರಡೂ ಒಂದೇ ಅಂಗಳದಲ್ಲಿ ಕಾಣುವುದಕ್ಕೆ ಕಾರಣ ಇದು.

ಜಮೆಗಿಂತ ಖರ್ಚು ಕಡಿಮೆಯಾದಾಗ

ಕತ್ತರಿಸಿದ ಹುಲ್ಲಿನ ತುಣುಕುಗಳನ್ನು ಅಲ್ಲಿಯೇ ಬಿಟ್ಟರೆ ಥ್ಯಾಚ್ ಉಂಟಾಗುತ್ತದೆಂಬುದು ಸಾಮಾನ್ಯ ನಂಬಿಕೆ. ಅದು ಸರಿಯಲ್ಲ. ಎಳೆಯ ಎಲೆಯ ತೂಕದ ನೂರರಲ್ಲಿ ಎಂಬತ್ತು ಭಾಗಕ್ಕೆ ಹತ್ತಿರ ನೀರೇ. ಉಳಿದ ಅಲ್ಪಾಂಶ ಸೂಕ್ಷ್ಮಜೀವಿಗಳಿಗೆ ಸುಲಭವಾದ ಆಹಾರ. ಕಾಂಡ, ಬಳ್ಳಿ, ಬೇರುಗಳ ಮಾತು ಬೇರೆ. ಅವುಗಳಲ್ಲಿ ಲಿಗ್ನಿನ್ ಎಂಬ ಗಡುಸಾದ ವಸ್ತು ಅಧಿಕವಾಗಿರುತ್ತದೆ. ಮರಕ್ಕೆ ಮರತನವನ್ನು ಕೊಡುವುದು ಇದೇ ಲಿಗ್ನಿನ್. ಇದನ್ನು ಕರಗಿಸಬಲ್ಲ ಜೀವಿಗಳು ಕೆಲವೇ. ಅವುಗಳ ಕೆಲಸವೂ ನಿಧಾನ.

ಆದುದರಿಂದ ಥ್ಯಾಚನ್ನು ಜಮಾಖರ್ಚಿನ ಪುಸ್ತಕಕ್ಕೆ ಹೋಲಿಸಬಹುದು. ಸತ್ತ ಕಾಂಡ ಬೇರುಗಳು ಜಮೆ. ಸೂಕ್ಷ್ಮಜೀವಿಗಳೂ ಎರೆಹುಳುಗಳೂ ತಿಂದು ಮಣ್ಣಾಗಿಸುವುದು ಖರ್ಚು. ಎರಡೂ ಸರಿಯಾಗಿದ್ದಲ್ಲಿ ಪದರ ಬೆಳೆಯದು. ಗುಡ್ಡದ ಹುಲ್ಲು ಈ ರೋಗಕ್ಕೆ ಸಿಕ್ಕುವುದಿಲ್ಲವೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಅಲ್ಲಿ ದನಗಳು ಮೇಯುತ್ತವೆ, ಗೊರಸಿನಿಂದ ಕೆದಕುತ್ತವೆ. ಒಣಹುಲ್ಲನ್ನು ಮನುಷ್ಯನು ಕೊಯ್ಯುತ್ತಾನೆ, ಗೆದ್ದಲು ತಿನ್ನುತ್ತದೆ. ಯೂರಿಯ ಹಾಕುವವರಂತೂ ಯಾರೂ ಇಲ್ಲ. ಅಂಗಳದಲ್ಲಿ ಈ ಯಾವ ಸಹಾಯವೂ ಇಲ್ಲ. ಬದಲಾಗಿ ನಮ್ಮ ಉಪಚಾರವೇ ಲೆಕ್ಕವನ್ನು ಕೆಡಿಸುತ್ತದೆ. ಹೆಚ್ಚಿನ ಸಾರಜನಕ ಕೊಟ್ಟಷ್ಟೂ ಕಾಂಡಗಳು ಭರದಿಂದ ಹಬ್ಬಿ ಜಮೆ ಏರುತ್ತದೆ. ಕೀಟನಾಶಕಗಳು ಎರೆಹುಳುಗಳನ್ನು ಕೊಂದು ಖರ್ಚನ್ನು ತಗ್ಗಿಸುತ್ತವೆ.

ಎರೆಹುಳುವಿನ ಕೆಲಸ ಅಲ್ಪವೆಂದು ತಿಳಿಯಬಾರದು. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಗ್ರಂಥವನ್ನು ಈ ಹುಳುವಿಗೇ ಮೀಸಲಿಟ್ಟನು. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕಿದ ಮಣ್ಣು ಎರೆಹುಳುಗಳ ದೇಹದ ಮೂಲಕ ಹಾದು ಮೇಲಕ್ಕೆ ಬರುತ್ತದೆಂದು ಅವನು ಲೆಕ್ಕಹಾಕಿದನು. ಹೀಗೆ ಮೇಲೆ ಬಂದ ಮಣ್ಣು ಥ್ಯಾಚಿನೊಡನೆ ಬೆರೆತಾಗ ಅದು ಬೇಗನೆ ಕೊಳೆಯುತ್ತದೆ.

ನಮ್ಮ ಸೀಮೆಯ ಮಣ್ಣಿನಲ್ಲಿಯೂ ಒಂದು ತೊಡಕುಂಟು. ಇಲ್ಲಿ ಕಟ್ಟಡಕ್ಕೆ ಬಳಸುವ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕನನ್. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಅದು ಬಂದಿದೆ. ಅತಿಯಾದ ಮಳೆ ಯುಗಯುಗಾಂತರಗಳಿಂದ ಈ ನೆಲದ ಸುಣ್ಣ, ಪೊಟ್ಯಾಷ್ ಮೊದಲಾದುವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಆಕ್ಸೈಡುಗಳನ್ನು ಉಳಿಸಿದೆ. ಇಂಥ ಮಣ್ಣು ಹುಳಿ, ಎಂದರೆ ಆಮ್ಲೀಯ. ಆಮ್ಲೀಯ ಮಣ್ಣಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಗಳ ಚಟುವಟಿಕೆ ಕುಗ್ಗುತ್ತದೆ. ಇದರ ಮೇಲೆ, ಮನೆಯ ನಿವೇಶನಕ್ಕೆಂದು ಗುಡ್ಡವನ್ನು ಅಗೆದು ಯಂತ್ರದಿಂದ ಮಟ್ಟಮಾಡಿದ ನೆಲವಾದರೆ ಮೇಲ್ಮಣ್ಣು ಕಳೆದುಹೋಗಿ ಗಟ್ಟಿಯಾದ ಕೆಂಪು ಮಣ್ಣೇ ಉಳಿದಿರುತ್ತದೆ.

ಗೀರುವ ಯಂತ್ರ

ಈಗ ನಮಗೆ ಬೇಕಾದುದು ಆ ಮಾಡನ್ನು ಬಿಚ್ಚುವ ಉಪಾಯ. ಅದಕ್ಕಾಗಿಯೇ ಇರುವ ಸಾಧನ ಸ್ಕ್ಯಾರಿಫೈಯರ್; ಗೀರುವುದು ಎಂಬ ಅರ್ಥದ ಪದದಿಂದ ಬಂದ ಈ ಹೆಸರನ್ನು ಕನ್ನಡದಲ್ಲಿ ಗೀರುಯಂತ್ರವೆನ್ನಬಹುದು.

ಹುಲ್ಲು ಕತ್ತರಿಸುವ ಯಂತ್ರ ಎಲ್ಲರಿಗೂ ಪರಿಚಿತ. ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿ, ಬಟ್ಟೆಯ ಗಿರಣಿಯಲ್ಲಿ ಉಣ್ಣೆಯ ಜುಂಗನ್ನು ಕತ್ತರಿಸುವ ಯಂತ್ರವನ್ನು ಕಂಡು, ಅದೇ ತತ್ತ್ವದಿಂದ 1830ರಲ್ಲಿ ಇದನ್ನು ನಿರ್ಮಿಸಿದನು. ಅದರ ಅಲಗು ನೆಲಕ್ಕೆ ಸಮಾಂತರವಾಗಿ ಚಲಿಸಿ ಎಲೆಯ ತುದಿಯನ್ನು ಮಾತ್ರ ತೆಗೆಯುತ್ತದೆ. ಗೀರುಯಂತ್ರದಲ್ಲಿ ಅಡ್ಡಲಾಗಿರುವ ಒಂದು ದಂಡಕ್ಕೆ ಅನೇಕ ತೆಳು ಅಲಗುಗಳನ್ನು ನೆಟ್ಟಗೆ ಜೋಡಿಸಿರುತ್ತಾರೆ. ವಿದ್ಯುತ್ತಿನಿಂದಲೋ ಪೆಟ್ರೋಲಿನಿಂದಲೋ ದಂಡ ವೇಗವಾಗಿ ಸುತ್ತುವಾಗ ಅಲಗುಗಳು ಹುಲ್ಲಿನ ನಡುವೆ ಲಂಬವಾಗಿ ಇಳಿದು, ಥ್ಯಾಚನ್ನು ಸೀಳಿ, ನಾರುಗಳನ್ನು ಮೇಲಕ್ಕೆ ಎಳೆದು ಚೆಲ್ಲುತ್ತವೆ. ಘಟ್ಟದ ಮೇಲಿನ ಬಯಲುಸೀಮೆಯ ರೈತನ ಕುಂಟೆಯನ್ನು ಇಲ್ಲಿ ಸ್ಮರಿಸಬಹುದು. ಕುಂಟೆಯ ಅಲಗು ಮಣ್ಣಿನ ಹೆಪ್ಪಿನ ಕೆಳಗೆ ಅಡ್ಡವಾಗಿ ಹಾದುಹೋಗುತ್ತದೆ. ಗೀರುಯಂತ್ರದ ಅಲಗು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ದಾರಿ ಬೇರೆಯಾದರೂ ಮೇಲೆ ಕಟ್ಟಿದ ಹೆಪ್ಪನ್ನು ಒಡೆದು ಗಾಳಿ ನೀರುಗಳಿಗೆ ಹಾದಿ ಮಾಡುವ ಉದ್ದೇಶ ಎರಡಕ್ಕೂ ಒಂದೇ.

ಬೆಲೆಬಾಳುವ ಯಂತ್ರ ಪ್ರತಿ ಮನೆಗೂ ಬೇಕೆಂದಿಲ್ಲ. ಹತ್ತು ಹದಿನೈದು ಚದರ ಮೀಟರಿನ ಹಾಸಿಗೆ ಹರಿತವಾದ ಹಲ್ಲುಗಳುಳ್ಳ ಕಬ್ಬಿಣದ ಹಣಿಗೆಯೇ ಸಾಕು. ತೋಳುಗಳಿಗೆ ಶ್ರಮ, ಅಷ್ಟೆ. ದೊಡ್ಡ ಅಂಗಳವಿದ್ದವರು ನಾಲ್ಕಾರು ಮನೆಯವರು ಸೇರಿ ಒಂದು ಯಂತ್ರವನ್ನು ಕೊಳ್ಳುವುದು ಜಾಣತನ, ಏಕೆಂದರೆ ವರ್ಷಕ್ಕೆ ಒಮ್ಮೆಗಿಂತ ಹೆಚ್ಚು ಅದರ ಕೆಲಸ ಬೀಳದು.

ಗೀರುವಿಕೆ ನೆಲದ ಗಟ್ಟಿತನಕ್ಕೆ ಮದ್ದಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅಲಗು ಮಣ್ಣಿನ ಮೇಲ್ಮೈಯನ್ನು ಕೆಲವೇ ಮಿಲಿಮೀಟರಿನಷ್ಟು ಮಾತ್ರ ತಾಗುತ್ತದೆ. ಕೆಳಗಿನ ಮಣ್ಣು ತುಳಿತದಿಂದ ಗಟ್ಟಿಯಾಗಿದ್ದರೆ ಗಡುಸಾದ ಕವಲುಗೋಲಿನಿಂದ ಎಂಟು ಹತ್ತು ಸೆಂಟಿಮೀಟರ್ ಆಳದ ತೂತುಗಳನ್ನು ಚುಚ್ಚಬೇಕು. ಬೇರಿಗೆ ಗಾಳಿ ಎಷ್ಟು ಮುಖ್ಯವೆಂಬುದಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ನೋಡಬಹುದು. 2017ರಲ್ಲಿ ಅಲ್ಲಿನ ಹುಲ್ಲಿನ ಕೆಳಗೆ ಕೊಳವೆಗಳನ್ನು ಹೂಳಿ, ಮಳೆಯ ನೀರನ್ನು ಹೀರಿ ತೆಗೆಯುವುದಕ್ಕೂ ಬೇರುಗಳಿಗೆ ಗಾಳಿ ಊದುವುದಕ್ಕೂ ಏರ್ಪಾಡು ಮಾಡಲಾಯಿತು.

ಯಾವಾಗ ಗೀರಬೇಕು?

ಯಂತ್ರದೊಡನೆ ಬರುವ ಪುಸ್ತಿಕೆಗಳಲ್ಲಿ ಏಪ್ರಿಲ್ ಇಲ್ಲವೆ ಸೆಪ್ಟೆಂಬರ್ ತಿಂಗಳು ತಕ್ಕ ಕಾಲವೆಂದು ಬರೆದಿರುತ್ತದೆ. ಅವು ಇಂಗ್ಲೆಂಡು ಮೊದಲಾದ ಶೀತದೇಶಗಳ ಹುಲ್ಲಿಗಾಗಿ ಬರೆದುವು. ಅಲ್ಲಿನ ಹುಲ್ಲುಗಳು 15ರಿಂದ 24 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಚುರುಕಾಗಿ ಬೆಳೆಯುತ್ತವೆ. ಆದುದರಿಂದ ಅವುಗಳಿಗೆ ವಸಂತವೂ ಶರತ್ತೂ ಹಿತ. ನಮ್ಮ ಗರಿಕೆಯ ಸ್ವಭಾವ ಬೇರೆ. ಕಬ್ಬು, ಜೋಳ, ರಾಗಿಗಳ ಹಾಗೆ ಅದು ಬಿಸಿಲಿನ ಸಸ್ಯ. 27ರಿಂದ 35 ಡಿಗ್ರಿಗಳಲ್ಲಿ ಅದರ ಬೆಳವಣಿಗೆ ಭರದಿಂದ ಸಾಗುತ್ತದೆ. ಇಂಥ ಸಸ್ಯಗಳು ಅಂಗಾರಾಮ್ಲವನ್ನು ಹಿಡಿದಿಡುವ ವಿಶೇಷ ಕ್ರಮವನ್ನು ಆಸ್ಟ್ರೇಲಿಯದಲ್ಲಿ ಕೆಲಸ ಮಾಡುತ್ತಿದ್ದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಕಬ್ಬಿನ ಮೇಲೆ ನಡೆಸಿದ ಪ್ರಯೋಗಗಳಿಂದ ವಿವರಿಸಿದರು.

ಗೀರುವುದೆಂದರೆ ಹುಲ್ಲಿಗೆ ಗಾಯ ಮಾಡುವುದು. ಗಾಯ ಮಾಯಬೇಕಾದರೆ ಮೂರು ಅನುಕೂಲಗಳು ಒಟ್ಟಿಗೆ ದೊರೆಯಬೇಕು: ನೆಲದಲ್ಲಿ ತೇವ, ಆಕಾಶದಲ್ಲಿ ಬಿಸಿಲು, ಗಾಳಿಯಲ್ಲಿ ಬೆಚ್ಚನೆಯ ಹವೆ. ಅಜೆಕಾರಿನ ವರ್ಷವನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ. ಏಪ್ರಿಲಿನಲ್ಲಿ ಬಿಸಿಲೂ ಬಿಸಿಯೂ ಉಂಟು, ತೇವವಿಲ್ಲ; ಆಗ ಗೀರಿದರೆ ಬುಡವೇ ಒಣಗೀತು. ಮೇ ಕೊನೆಯ ಮಳೆಯನ್ನು ನೆಚ್ಚಿ ಗೀರಿದರೆ, ಹುಲ್ಲು ಮುಚ್ಚಿಕೊಳ್ಳುವ ಮೊದಲೇ ಮುಂಗಾರು ಬಂದು ತೆರೆದ ಮಣ್ಣನ್ನು ಕೊಚ್ಚೀತು. ಜುಲೈ, ಆಗಸ್ಟುಗಳಲ್ಲಿ ತೇವವೇನೋ ಧಾರಾಳ. ಬಿಸಿಲಿಲ್ಲ, ರೋಗದ ಭಯವೂ ಅಧಿಕ. ಸೋಣ ತಿಂಗಳು ಕಳೆದು, ಚೌತಿಯ ಪೂಜೆಗೆ ಗರಿಕೆ ಕೊಯ್ದು ಮುಗಿದು, ನವರಾತ್ರಿ ಸಮೀಪಿಸುವ ಹೊತ್ತಿಗೆ ಮೂರೂ ಕೂಡಿಬರುತ್ತವೆ. ಮಳೆ ಇಳಿಮುಖವಾಗಿರುತ್ತದೆ, ಬಿಸಿಲು ಮರಳಿರುತ್ತದೆ, ಅಕ್ಟೋಬರಿನ ಗುಡುಗುಮಳೆಗಳು ನಮ್ಮ ಬಾವಿಗೆ ಕೈಯಿಡದೆ ಹುಲ್ಲಿಗೆ ನೀರುಣಿಸುತ್ತವೆ. ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ನಡುಭಾಗದ ವರೆಗಿನ ಈ ಮೂರು ವಾರಗಳೇ ನಮಗೆ ಪ್ರಶಸ್ತ. ಪುಸ್ತಿಕೆಯ ಸೆಪ್ಟೆಂಬರ್ ನಮಗೂ ಹೊಂದಿತು. ಏಪ್ರಿಲನ್ನು ನಂಬಿದವನು ಹುಲ್ಲನ್ನು ಕಳೆದುಕೊಂಡಾನು.

ಯಾವ ಹುಲ್ಲು, ಎಷ್ಟು ಆಳ?

ಎಲ್ಲ ಹುಲ್ಲೂ ಒಂದೇ ಪ್ರಮಾಣದ ಗಾಯವನ್ನು ಸಹಿಸದು. ಸೈನೋಡಾನ್ ಡ್ಯಾಕ್ಟಿಲಾನ್ ಎಂಬ ಶಾಸ್ತ್ರೀಯ ನಾಮದ ನಮ್ಮ ಗರಿಕೆಗೆ ನೆಲದ ಮೇಲೆ ಹಬ್ಬುವ ಬಳ್ಳಿಗಳೂ ನೆಲದೊಳಗೆ ಹರಿಯುವ ಗುಪ್ತಕಾಂಡಗಳೂ ಇವೆ. ಮೇಲಿನದನ್ನು ಕಳೆದುಕೊಂಡರೂ ಕೆಳಗಿನಿಂದ ಮತ್ತೆ ಚಿಗುರುತ್ತದೆ. ಇದಕ್ಕೆ ಅಲಗುಗಳ ನಡುವೆ ಎರಡೂವರೆಯಿಂದ ಐದು ಸೆಂಟಿಮೀಟರ್ ಅಂತರವಿಡಬಹುದು. ನೆರಳನ್ನು ಸಹಿಸುವುದರಿಂದ ಕರಾವಳಿಯ ತೋಟಗಳಲ್ಲಿ ಬೆಳೆಸುವ ಅಗಲ ಎಲೆಯ ಕಾರ್ಪೆಟ್ ಹುಲ್ಲು, ಎಂದರೆ ಆಕ್ಸೊನೋಪಸ್ ಕಂಪ್ರೆಸಸ್, ಮೇಲಿನ ಬಳ್ಳಿಗಳನ್ನೇ ಅವಲಂಬಿಸಿದೆ. ಅವುಗಳನ್ನು ಹತ್ತಿರ ಹತ್ತಿರ ಸೀಳಿದರೆ ಚೇತರಿಸುವುದು ಕಷ್ಟ. ಅದಕ್ಕೆ ಅಂತರವನ್ನು ಏಳೆಂಟು ಸೆಂಟಿಮೀಟರಿಗೆ ಏರಿಸಿ ಒಂದೇ ದಿಕ್ಕಿನಲ್ಲಿ ಹಗುರವಾಗಿ ಗೀರಬೇಕು. ಹೊಸದಾಗಿ ನೆಟ್ಟ ಹುಲ್ಲನ್ನು ಮೊದಲ ವರ್ಷ ಮುಟ್ಟಲೇಬಾರದು.

ಇನ್ನು ಕೆಲಸದ ಕ್ರಮ. ಮೊದಲು ಹುಲ್ಲನ್ನು ಎರಡು ಮೂರು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಬೇಕು. ನೆಲ ತೇವವಾಗಿರಬೇಕು, ಕೆಸರಾಗಿರಬಾರದು. ಮುರಕಲ್ಲಿನ ನೆಲದಲ್ಲಿ ಹರಳುಗಳು ಹೇರಳ. ಅಲಗಿಗೆ ತಾಗಿದ ಹರಳು ಗುಂಡಿನಂತೆ ಸಿಡಿಯುತ್ತದೆ. ಆದುದರಿಂದ ಅವುಗಳನ್ನು ಮೊದಲೇ ಆರಿಸಿ, ಗಟ್ಟಿ ಪಾದರಕ್ಷೆಯನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸಿ, ಮಕ್ಕಳನ್ನು ದೂರವಿರಿಸಬೇಕು. ವಿದ್ಯುತ್ ಯಂತ್ರವಾದರೆ ತಂತಿ ಅಲಗಿನ ದಾರಿಗೆ ಬಾರದಂತೆ ಎಚ್ಚರ ವಹಿಸಬೇಕು. ಅಲಗು ಮಣ್ಣನ್ನು ತಾಗಿಯೂ ತಾಗದಂತೆ, ಹೆಚ್ಚೆಂದರೆ ಮೂರರಿಂದ ಐದು ಮಿಲಿಮೀಟರ್ ಇಳಿಯುವಂತೆ ಅಳವಡಿಸಿ, ಗರಿಕೆಯಾದರೆ ಒಮ್ಮೆ ಉದ್ದಕ್ಕೂ ಒಮ್ಮೆ ಓರೆಯಾಗಿಯೂ ಸಾಗಬೇಕು. ಪದರ ಬಹಳ ದಪ್ಪವಾಗಿದ್ದರೆ ಒಂದೇ ವರ್ಷದಲ್ಲಿ ತೆಗೆದುಬಿಡುವ ಆತುರ ಬೇಡ. ಎರಡು ವರ್ಷಗಳಿಗೆ ಹಂಚಬೇಕು.

ಮೇಲೆ ಬಂದ ನಾರಿನ ರಾಶಿಯನ್ನು ಕಂಡು ಆಶ್ಚರ್ಯವಾಗುತ್ತದೆ. ಅದನ್ನು ಹಾಗೆಯೇ ಅಡಕೆಯ ಬುಡಕ್ಕೆ ಹಾಕಬಾರದು. ಗರಿಕೆಯ ಒಂದೊಂದು ಗಿಣ್ಣೂ ಬೇರೂರಬಲ್ಲುದು. ತೋಟದ ತುಂಬ ಕಳೆಯಾದೀತು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಸೆಗಣಿಯೊಡನೆ ಗೊಬ್ಬರದ ಗುಂಡಿಗೆ ಸೇರಿಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಅನಂತರ ಮರಳು, ಮಣ್ಣು, ಹಳೆಯ ಗೊಬ್ಬರಗಳ ಮಿಶ್ರಣವನ್ನು ಐದು ಮಿಲಿಮೀಟರಿನಷ್ಟು ತೆಳುವಾಗಿ ಹಾಸಿನ ಮೇಲೆ ಹರಡಬೇಕು. 100 ಚದರ ಮೀಟರಿಗೆ ಅರ್ಧ ಘನಮೀಟರ್ ಸಾಕು. ಎರೆಹುಳುಗಳು ಮಾಡಬೇಕಾದ ಕೆಲಸವನ್ನೇ ನಾವು ಇಲ್ಲಿ ಕೈಯಿಂದ ಮಾಡುತ್ತೇವೆ. ಯೂರಿಯ ಹಾಕಲೇಬೇಕೆಂದಿದ್ದರೆ ಇಷ್ಟು ನೆಲಕ್ಕೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಬೇಡ. ಮಣ್ಣನ್ನು ಪರೀಕ್ಷೆ ಮಾಡಿಸಿ, ಆಮ್ಲೀಯವೆಂದು ತಿಳಿದುಬಂದರೆ ಸುಣ್ಣ ಕೊಡಬೇಕು. ಮೊದಲ ಒಂದು ವಾರ ಅಂಗಳ ಬೋಳಾಗಿ, ಕೆಟ್ಟುಹೋದಂತೆಯೇ ಕಾಣುತ್ತದೆ. ಧೈರ್ಯಗೆಡಬೇಕಾಗಿಲ್ಲ, ಮೂರು ನಾಲ್ಕು ವಾರಗಳಲ್ಲಿ ಹೊಸ ಚಿಗುರು ನೆಲವನ್ನು ಮುಚ್ಚುತ್ತದೆ.

ಒಂದು ಸಣ್ಣ ಪ್ರಯೋಗ

ಇದನ್ನೆಲ್ಲ ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ಹತ್ತು ಸೆಂಟಿಮೀಟರ್ ವ್ಯಾಸದ ಒಂದು ಡಬ್ಬಿಯ ಎರಡು ಮುಚ್ಚಳಗಳನ್ನೂ ತೆಗೆದು, ಅಂಚಿನಿಂದ ಕೈ ಕೊಯ್ಯದಂತೆ ಎಚ್ಚರಿಕೆಯಿಂದ ಹುಲ್ಲುಹಾಸಿನಲ್ಲಿ ಎರಡು ಮೂರು ಸೆಂಟಿಮೀಟರ್ ಇಳಿಯುವಂತೆ ಒತ್ತಿರಿ. ಅದರೊಳಗೆ 400 ಮಿಲಿಲೀಟರ್ ನೀರು ಹೊಯ್ದರೆ ಸುಮಾರು ಐದು ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಅದು ಪೂರ್ತಿ ಇಂಗುವುದಕ್ಕೆ ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಗಡಿಯಾರ ನೋಡಿ ಬರೆದಿಡಿ. ಬೇರೆ ಬೇರೆ ಮೂರು ಕಡೆಗಳಲ್ಲಿ ಹೀಗೆ ಅಳೆದು ಸರಾಸರಿ ತೆಗೆಯಿರಿ. ಗೀರಿದ ಒಂದು ತಿಂಗಳ ಬಳಿಕ, ನೆಲ ಅಷ್ಟೇ ತೇವವಾಗಿರುವಾಗ, ಅದೇ ಸ್ಥಳಗಳಲ್ಲಿ ಮತ್ತೆ ಅಳೆಯಿರಿ. ಹುಲ್ಲಿನ ಬುಡದಲ್ಲಿ ನಡೆದ ಬದಲಾವಣೆ ಅಂಕಿಗಳ ರೂಪದಲ್ಲಿ ನಿಮ್ಮ ಪುಸ್ತಕದಲ್ಲಿರುತ್ತದೆ. ಕಾಲದಲ್ಲಿ ವ್ಯತ್ಯಾಸವಾಗದಿದ್ದರೆ ತೊಂದರೆ ಥ್ಯಾಚಿನದಲ್ಲ, ಗಟ್ಟಿಯಾದ ಮಣ್ಣಿನದೆಂದು ತಿಳಿಯಬಹುದು.

ಬೇಸಗೆಯಲ್ಲಿ ಬಾವಿ ಬತ್ತುವ ಸೀಮೆಯಲ್ಲಿ ಹುಲ್ಲುಹಾಸೇ ಬೇಕೆ ಎಂಬ ಪ್ರಶ್ನೆ ನ್ಯಾಯವಾದುದು. ನೀರಿಲ್ಲದವನು ಅದನ್ನು ಬೆಳೆಸದಿರುವುದೇ ಮೇಲು. ಇಟ್ಟುಕೊಂಡವನು ಚಿಕ್ಕದಾಗಿ ಇಟ್ಟುಕೊಳ್ಳಲಿ, ಪರದೇಶದ ಹುಲ್ಲಿಗಿಂತ ನಮ್ಮ ಗರಿಕೆಯನ್ನು ಆರಿಸಲಿ. ಗರಿಕೆ ಬೇಸಗೆಯಲ್ಲಿ ಕಂದಿದರೂ ಸಾಯುವುದಿಲ್ಲ. ಗುಪ್ತಕಾಂಡಗಳಲ್ಲಿ ಜೀವ ಹಿಡಿದಿಟ್ಟುಕೊಂಡು ಮೊದಲ ಮಳೆಗೆ ಏಳುತ್ತದೆ. ಅದರ ಬೇರು ಮಣ್ಣಿನಲ್ಲಿ ಆಳಕ್ಕೆ ಇಳಿದಿದ್ದರೆ ಮಾತ್ರ ಇದು ಸಾಧ್ಯ. ಆ ಬೇರಿನ ದಾರಿಯನ್ನು ವರ್ಷಕ್ಕೊಮ್ಮೆ ಬಿಡಿಸಿಕೊಟ್ಟರೆ, ಬಾವಿಯಿಂದ ಸೇದಬೇಕಾದ ನೀರಿನ ಬಹುಭಾಗ ನಮ್ಮ ಕೊಡದಲ್ಲಿಯೇ ಉಳಿಯುತ್ತದೆ.